ಜೀವಿಗಳ ಶರೀರವನ್ನು ಕಟ್ಟುವ ಮೂಲವಸ್ತುಗಳು

ಮುಂಗಾರಿನಲ್ಲಿ ಒಂದು ಎಕರೆಗೆ ಕೆಲವು ಸೇರು ರಾಗಿಯನ್ನು ಬಿತ್ತಿ, ನಾಲ್ಕೈದು ತಿಂಗಳ ತರುವಾಯ ಗಾಡಿಗಟ್ಟಲೆ ತೆನೆಯನ್ನೂ ಹುಲ್ಲನ್ನೂ ಕಣಕ್ಕೆ ಸಾಗಿಸುವುದು ಬೇಸಾಯಗಾರನಿಗೆ ಹೊಸದಲ್ಲ. ಆದರೆ ಇಷ್ಟು ದೊಡ್ಡ ರಾಶಿಯು ಎಲ್ಲಿಂದ ಬಂದಿತು, ಅದು ಯಾವ ವಸ್ತುಗಳಿಂದ ಆಗಿದೆ, ಆ ವಸ್ತುಗಳಲ್ಲಿ ಹೊಲವು ಕೊಟ್ಟುದೆಷ್ಟು, ಗಾಳಿಯೂ ಮಳೆಯೂ ಕೊಟ್ಟುದೆಷ್ಟು ಎಂಬುದನ್ನು ವಿಚಾರಿಸುವವರು ವಿರಳ. ಈ ಲೆಕ್ಕವನ್ನು ಅರಿಯದ ಕಾರಣದಿಂದಲೇ ಅನೇಕ ಗ್ರಾಮಗಳಲ್ಲಿ ಹೊಲದ ಸಾರವು ವರ್ಷದಿಂದ ವರ್ಷಕ್ಕೆ ಕುಂದುತ್ತಿದ್ದರೂ ಅದರ ಕಾರಣವು ಮಳೆಯ ಮೇಲೋ ಬೀಜದ ಮೇಲೋ ಹೊರಿಸಲ್ಪಡುತ್ತದೆ. ಆದುದರಿಂದ ಪೈರು, ದನ, ಮನುಷ್ಯ ಈ ಮೂರರ ಶರೀರಗಳೂ ಯಾವ ಮೂಲವಸ್ತುಗಳಿಂದ ಕೂಡಿವೆಯೆಂಬುದನ್ನು ಜಮೀನುದಾರರೂ ಗ್ರಾಮದ ಮುಖಂಡರೂ ತಿಳಿದುಕೊಳ್ಳುವುದು ಅತ್ಯಾವಶ್ಯಕ.

೧. ಮೂಲವಸ್ತುವೆಂದರೇನು?

ದೇಹವು ಪಂಚಭೂತಗಳಿಂದ ಆದುದೆಂದು ಹಿರಿಯರು ಹೇಳುತ್ತ ಬಂದಿರುವರು. ರಸಾಯನಶಾಸ್ತ್ರಜ್ಞರು ಇದೇ ವಿಚಾರವನ್ನು ಬೇರೆ ರೀತಿಯಿಂದ ಪರೀಕ್ಷಿಸಿ, ಎಷ್ಟು ಕಾಯಿಸಿದರೂ ಕರಗಿಸಿದರೂ ಬೇರೆ ಬೇರೆ ಪದಾರ್ಥಗಳಾಗಿ ಒಡೆಯದೆ ಉಳಿಯತಕ್ಕ ವಸ್ತುವಿಗೆ ಮೂಲವಸ್ತುವೆಂದು ಹೆಸರಿಟ್ಟಿರುವರು. ನೀರು ಮೂಲವಸ್ತುವಲ್ಲ, ಅದು ಜಲಜನಕ, ಆಮ್ಲಜನಕ ಎಂಬ ಎರಡು ವಾಯುಗಳ ಸಂಯೋಗದಿಂದ ಆದುದು. ಮಣ್ಣೂ ಮೂಲವಸ್ತುವಲ್ಲ, ಅದರಲ್ಲಿ ಅನೇಕ ಮೂಲವಸ್ತುಗಳು ಸೇರಿವೆ. ಕಬ್ಬಿಣ, ಗಂಧಕ, ಇದ್ದಲಿನಲ್ಲಿರುವ ಇಂಗಾಲ, ಇವು ಮೂಲವಸ್ತುಗಳು.

ಈವರೆಗೆ ಗೊತ್ತಾಗಿರುವ ಮೂಲವಸ್ತುಗಳು ೧೧೮. ಇವುಗಳಲ್ಲಿ ಜೀವಿಗಳಿಗೆ ಬೇಕಾದುವು ಕೆಲವೇ. ಸಸ್ಯಗಳಿಗೆ ಅವಶ್ಯವೆಂದು ನಿಶ್ಚಯವಾಗಿರುವುವು ೧೭. ಪ್ರಾಣಿಗಳಿಗೆ ಇವುಗಳಲ್ಲಿ ಹೆಚ್ಚಿನವುಗಳೂ, ಇವಲ್ಲದೆ ಸೋಡಿಯಂ, ಅಯೊಡಿನ್ ಮುಂತಾದ ಕೆಲವೂ ಬೇಕಾಗುತ್ತವೆ. ಹೊಲದ ಪೈರಿನಲ್ಲಿಯೂ, ಅದನ್ನು ತಿಂದ ಎತ್ತಿನಲ್ಲಿಯೂ, ಅದನ್ನು ಉಂಡ ಮನುಷ್ಯನಲ್ಲಿಯೂ ಇರುವುವು ಬಹುಮಟ್ಟಿಗೆ ಅವೇ ವಸ್ತುಗಳು. ಪ್ರಮಾಣದಲ್ಲಿ ಮಾತ್ರ ಭೇದವುಂಟು.

೨. ಒಲೆಯ ಮುಂದೆ ಕಾಣಬಹುದಾದ ಪರೀಕ್ಷೆ

ಇದನ್ನು ತಿಳಿಯಲು ಪ್ರಯೋಗಶಾಲೆಗೆ ಹೋಗಬೇಕಾದುದಿಲ್ಲ. ನೂರು ಕಿಲೋಗ್ರಾಂ ಹಸಿಯ ಹುಲ್ಲನ್ನು ಚೆನ್ನಾಗಿ ಒಣಗಿಸಿದರೆ ಇಪ್ಪತ್ತು ಮೂವತ್ತು ಕಿಲೋಗ್ರಾಂ ಮಾತ್ರ ಉಳಿಯುತ್ತದೆ. ಹೋದುದೆಲ್ಲವೂ ನೀರು, ಎಂದರೆ ಜಲಜನಕ ಮತ್ತು ಆಮ್ಲಜನಕ. ಒಣಗಿದ ಕಡ್ಡಿಯನ್ನು ಹೆಚ್ಚು ಗಾಳಿ ಸೋಕದಂತೆ ಮುಚ್ಚಿ ಸುಟ್ಟರೆ ಇದ್ದಲಾಗುತ್ತದೆ; ಅದರಲ್ಲಿ ಇಂಗಾಲವೇ ಪ್ರಧಾನ. ಆ ಇದ್ದಲನ್ನೂ ಗಾಳಿಯಲ್ಲಿ ಉರಿಸಿದರೆ ಇಂಗಾಲವು ಆಮ್ಲಜನಕದೊಡನೆ ಸೇರಿ ಕಣ್ಣಿಗೆ ಕಾಣದ ಇಂಗಾಲಾಮ್ಲವಾಯುವಾಗಿ ಹಾರಿಹೋಗಿ, ಕೊನೆಗೆ ಹಿಡಿಯಷ್ಟು ಬೂದಿಯು ಉಳಿಯುವುದು. ಪೊಟಾಸಿಯಂ, ಸುಣ್ಣದ ಮೂಲವಾದ ಕ್ಯಾಲ್ಸಿಯಂ, ರಂಜಕ, ಮೆಗ್ನೀಸಿಯಂ, ಕಬ್ಬಿಣ ಮೊದಲಾದುವು ಈ ಬೂದಿಯಲ್ಲಿರುವುವು. ಕೂದಲು, ಕೊಂಬು, ಗೊರಸುಗಳನ್ನು ಸುಟ್ಟಾಗ ಬರುವ ಕಮಟು ವಾಸನೆಯಾದರೋ, ಆ ಪದಾರ್ಥಗಳಲ್ಲಿ ಸೇರಿರುವ ಸಾರಜನಕ ಮತ್ತು ಗಂಧಕಗಳಿಂದ ಉಂಟಾಗತಕ್ಕುದು.

ಹೀಗೆ ಬೆಂಕಿಯು ಮೂಲವಸ್ತುಗಳನ್ನು ಎರಡು ಪಂಗಡಗಳಾಗಿ ವಿಂಗಡಿಸುವುದು. ಇಂಗಾಲ, ಜಲಜನಕ, ಆಮ್ಲಜನಕ, ಸಾರಜನಕಗಳು ಗಾಳಿಗೆ ಹಾರುವುವು. ಗಂಧಕವೂ ಬಹುಪಾಲು ಅವುಗಳೊಡನೆ ಹೋಗುವುದು. ಉಳಿದುವು ಬೂದಿಯಲ್ಲಿ ನಿಲ್ಲುವುವು. ಈ ಭೇದವನ್ನು ಬೇಸಾಯಗಾರರು ಚೆನ್ನಾಗಿ ಮನಸ್ಸಿನಲ್ಲಿಟ್ಟುಕೊಳ್ಳತಕ್ಕದ್ದು. ಮುಂದೆ ಹೇಳುವ ಬೆರಣಿಯ ವಿಷಯವು ಇದನ್ನೇ ಆಶ್ರಯಿಸಿದೆ.

೩. ಶರೀರದಲ್ಲಿ ಯಾವುದು ಎಷ್ಟು?

ಅರುವತ್ತು ಕಿಲೋಗ್ರಾಂ ತೂಕದ ಮನುಷ್ಯನ ಶರೀರದಲ್ಲಿ ಸುಮಾರು ೩೯ ಕಿಲೋಗ್ರಾಂ ಆಮ್ಲಜನಕ, ೧೧ ಕಿಲೋಗ್ರಾಂ ಇಂಗಾಲ, ೬ ಕಿಲೋಗ್ರಾಂ ಜಲಜನಕ, ೨ ಕಿಲೋಗ್ರಾಮಿಗೆ ಸ್ವಲ್ಪ ಕಡಮೆ ಸಾರಜನಕ ಇರುವುವು. ಕ್ಯಾಲ್ಸಿಯಂ ಸುಮಾರು ೯೦೦ ಗ್ರಾಂ, ರಂಜಕವು ಸುಮಾರು ೬೦೦ ಗ್ರಾಂ. ಪೊಟಾಸಿಯಂ, ಗಂಧಕ, ಸೋಡಿಯಂ, ಕ್ಲೋರಿನ್, ಮೆಗ್ನೀಸಿಯಂ ಇವೆಲ್ಲವೂ ಸೇರಿ ಒಂದು ಕಿಲೋಗ್ರಾಮಿಗೂ ಕಡಮೆ. ರಕ್ತಕ್ಕೆ ಕೆಂಪು ಬಣ್ಣವನ್ನು ಕೊಡುವ ಕಬ್ಬಿಣವು ಒಟ್ಟಿನಲ್ಲಿ ನಾಲ್ಕು ಗ್ರಾಂ ಮಾತ್ರ. ಒಂದು ಸಣ್ಣ ಮೊಳೆಗೆ ಸಾಕಾಗುವಷ್ಟು. ಆಮ್ಲಜನಕವು ಇಷ್ಟು ಹೆಚ್ಚಾಗಿರುವುದಕ್ಕೆ ಶರೀರದ ಬಹುಭಾಗವು ನೀರಾಗಿರುವುದೇ ಮುಖ್ಯ ಕಾರಣ.

ಸಸ್ಯದ ಒಣ ಪದಾರ್ಥವನ್ನು ತೆಗೆದುಕೊಂಡರೆ, ನೂರು ಭಾಗಗಳಲ್ಲಿ ಸುಮಾರು ೪೫ ಭಾಗ ಇಂಗಾಲ, ೪೫ ಭಾಗ ಆಮ್ಲಜನಕ, ೬ ಭಾಗ ಜಲಜನಕ. ಸಾರಜನಕವು ಸುಮಾರು ಒಂದೂವರೆ ಭಾಗ, ಪೊಟಾಸಿಯಂ ಒಂದು ಭಾಗ, ಕ್ಯಾಲ್ಸಿಯಂ ಅರ್ಧ ಭಾಗ, ರಂಜಕವೂ ಮೆಗ್ನೀಸಿಯಮ್ಮೂ ಒಂದೊಂದು ಭಾಗದ ಐದನೆಯ ಒಂದಂಶ. ಪೈರಿನ ಜಾತಿಯನ್ನೂ ನೆಲದ ಗುಣವನ್ನೂ ಅನುಸರಿಸಿ ಈ ಅಂಕಿಗಳು ಹೆಚ್ಚು ಕಡಮೆಯಾಗುವುವು. ಆದರೆ ಒಣ ಪೈರಿನ ತೂಕದಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಭಾಗವು ಮೊದಲ ಮೂರು ವಸ್ತುಗಳೇ ಎಂಬುದರಲ್ಲಿ ಸಂದೇಹವಿಲ್ಲ.

೪. ಗಾಳಿಯೂ ನೀರೂ ಕೊಡುವ ಪಾಲು

ಪೈರಿನ ಮೈಯೆಲ್ಲವೂ ಮಣ್ಣಿನಿಂದಲೇ ಬಂದುದೆಂದು ಬಹುಕಾಲದವರೆಗೆ ಜನರು ನಂಬಿದ್ದರು. ವಾನ್ ಹೆಲ್ಮಾಂಟ್ ಎಂಬ ಪಂಡಿತನು ಇದನ್ನು ಪರೀಕ್ಷಿಸುವುದಕ್ಕಾಗಿ ಒಣಗಿಸಿದ ೨೦೦ ಪೌಂಡು ಮಣ್ಣನ್ನು ಒಂದು ಕುಂಡದಲ್ಲಿ ತುಂಬಿ, ೫ ಪೌಂಡು ತೂಕದ ವಿಲೋ ಗಿಡವನ್ನು ನೆಟ್ಟು, ಐದು ವರ್ಷಗಳ ಕಾಲ ನೀರನ್ನು ಮಾತ್ರ ಹಾಕಿ ಬೆಳೆಯಿಸಿದನು. ಕೊನೆಗೆ ಗಿಡವು ೧೬೯ ಪೌಂಡಿಗೂ ಸ್ವಲ್ಪ ಹೆಚ್ಚಾಗಿ ತೂಗಿತು. ಮಣ್ಣಿನಲ್ಲಿ ಕಡಮೆಯಾದುದು ಸುಮಾರು ಎರಡು ಔನ್ಸ್ ಮಾತ್ರ. ಈ ವಿಷಯವು ೧೬೪೮ರಲ್ಲಿ ಅವನ ಗ್ರಂಥದಲ್ಲಿ ಪ್ರಕಟವಾಯಿತು. ಗಿಡವೆಲ್ಲವೂ ನೀರಿನಿಂದಲೇ ಆಯಿತೆಂದು ಅವನು ನಿರ್ಧರಿಸಿದನು. ಈ ನಿರ್ಧಾರವು ಅರ್ಧ ಮಾತ್ರ ಸರಿ. ಗಾಳಿಯ ಪಾಲು ಅವನಿಗೆ ಗೋಚರವಾಗಲಿಲ್ಲ.

ಹಸಿರೆಲೆಯು ಬಿಸಿಲಿನಲ್ಲಿರುವಾಗ ಮಾತ್ರ ಆಮ್ಲಜನಕವನ್ನು ಹೊರಕ್ಕೆ ಬಿಡುವುದೆಂದು ೧೭೭೯ರಲ್ಲಿ ಇಂಗೆನ್‌ಹೌಸ್ ಎಂಬ ವೈದ್ಯನು ತೋರಿಸಿದನು. ಗಿಡದ ತೂಕವು ಹೆಚ್ಚುವುದು ಗಾಳಿಯ ಇಂಗಾಲಾಮ್ಲವಾಯುವಿನಿಂದಲೂ ನೀರಿನಿಂದಲೂ ಎಂದು ೧೮೦೪ರಲ್ಲಿ ಜಿನೀವಾ ನಗರದ ಸೊಸ್ಯೂರ್ ತೂಗಿ ಅಳೆದು ಸ್ಥಿರಪಡಿಸಿದನು. ಹತ್ತು ಸಾವಿರ ಭಾಗ ಗಾಳಿಯಲ್ಲಿ ಈ ವಾಯುವು ಇರುವುದು ಸುಮಾರು ನಾಲ್ಕು ಭಾಗ ಮಾತ್ರ. ಎಲೆಗಳು ಅಷ್ಟರಿಂದಲೇ ಇಂಗಾಲವನ್ನು ಹೀರಿ, ಬಿಸಿಲಿನ ಶಕ್ತಿಯಿಂದ ನೀರಿನೊಡನೆ ಸೇರಿಸಿ, ಸಕ್ಕರೆಯನ್ನೂ ಪಿಷ್ಟವನ್ನೂ ನಾರನ್ನೂ ಎಣ್ಣೆಯನ್ನೂ ತಯಾರಿಸುವುವು. ಆದಕಾರಣ ಪೈರಿನ ತೂಕದ ಬಹುಭಾಗವು ಬೇಸಾಯಗಾರನಿಗೆ ಬೆಲೆಯಿಲ್ಲದೆ ದೊರೆಯತಕ್ಕುದು. ಸಕ್ಕರೆ, ಪಿಷ್ಟ, ಎಣ್ಣೆ ಈ ಮೂರನ್ನು ಶುದ್ಧರೂಪದಲ್ಲಿ ಮಾರಿದರೆ ಹೊಲದ ಸಾರವು ಹೋಗುವುದಿಲ್ಲ. ಸಾರವು ಉಳಿಯುವುದು ಹಿಂಡಿಯಲ್ಲಿ, ತೌಡಿನಲ್ಲಿ, ಹುಲ್ಲಿನಲ್ಲಿ. ಕಡಲೆಕಾಯಿಯಿಂದ ಎಣ್ಣೆಯನ್ನು ತೆಗೆದು ಹಿಂಡಿಯನ್ನು ದನಕ್ಕೂ ಆ ದನದ ಗೊಬ್ಬರವನ್ನು ಹೊಲಕ್ಕೂ ಕೊಡುವವನು ಗಾಳಿಯನ್ನೂ ಬಿಸಿಲನ್ನೂ ಮಾರಿದಂತಾಯಿತು. ಹಿಂಡಿಯನ್ನೂ ಮಾರುವವನು ತನ್ನ ನೆಲವನ್ನೇ ಸ್ವಲ್ಪ ಸ್ವಲ್ಪವಾಗಿ ಮಾರುತ್ತಿರುವನು.

೫. ಸಾರಜನಕ

ಮಾಂಸ, ರಕ್ತ, ಹಾಲಿನ ಗಿಣ್ಣು, ಬೇಳೆಯ ಸತ್ವ ಇವುಗಳಿಗೆಲ್ಲ ಸಸಾರಜನಕ ಪದಾರ್ಥಗಳೆಂದು ಹೆಸರು. ಸಾರಜನಕವಿಲ್ಲದೆ ಇವು ಉಂಟಾಗಲಾರವು. ಗಾಳಿಯ ನೂರು ಭಾಗಗಳಲ್ಲಿ ೭೮ ಭಾಗ ಸಾರಜನಕವೇ ಇರುವುದಾದರೂ, ಭತ್ತ, ರಾಗಿ, ಜೋಳ, ಕಬ್ಬು ಮುಂತಾದ ಪೈರುಗಳು ಅದನ್ನು ಗಾಳಿಯಿಂದ ನೇರವಾಗಿ ಹೀರಲಾರವು. ಸಮುದ್ರದ ನಡುವೆ ಬಾಯಾರಿದವನಂತೆ ಅವು ಸಾರಜನಕದ ನಡುವೆಯೇ ನಿಂತು ಬಣ್ಣಗೆಟ್ಟು ಹಳದಿಯಾಗುವುವು.

ದ್ವಿದಳ ಧಾನ್ಯಗಳ ಸ್ಥಿತಿಯು ಹೀಗಲ್ಲ. ಅವು ಬರಿಯ ಮರಳಿನಲ್ಲಿಯೂ ಸಾರಜನಕವನ್ನು ಸಂಪಾದಿಸುವುವೆಂದು ಫ್ರಾನ್ಸ್ ದೇಶದ ಬೂಸಿಂಗೋ ೧೮೩೮ರಲ್ಲಿ ತಿಳಿಸಿದನು. ಅವುಗಳ ಬೇರಿನ ಗಂಟುಗಳಲ್ಲಿ ವಾಸಿಸುವ ಸೂಕ್ಷ್ಮಜೀವಿಗಳೇ ಇದಕ್ಕೆ ಕಾರಣವೆಂದು ಜರ್ಮನಿಯ ಹೆಲ್ರೀಗೆಲ್ ೧೮೮೬ರಲ್ಲಿ ಪ್ರಕಟಿಸಿದನು. ಹುರುಳಿ, ಅವರೆ, ತೊಗರಿ, ಅಲಸಂದೆ, ಕಡಲೆಕಾಯಿ, ಸೆಣಬು ಇವುಗಳ ಗಿಡವನ್ನು ಮೆಲ್ಲನೆ ಅಗೆದು ಬೇರನ್ನು ನೋಡಿದರೆ ಈ ಗಂಟುಗಳು ಯಾರಿಗಾದರೂ ಕಾಣುವುವು. ಗಂಟನ್ನು ಸೀಳಿದಾಗ ಒಳಗೆ ನಸುಗೆಂಪಾಗಿದ್ದರೆ ಅದು ಕೆಲಸಮಾಡುತ್ತಿರುವುದೆಂದು ತಿಳಿಯತಕ್ಕದ್ದು. ರಾಗಿಯ ಹೊಲದಲ್ಲಿ ಅವರೆಯನ್ನೂ ತೊಗರಿಯನ್ನೂ ಅಕ್ಕಡಿ ಸಾಲಾಗಿ ಬಿತ್ತುವ ಹಿಂದಿನವರ ಪದ್ಧತಿಯೂ, ಗದ್ದೆಗೆ ಹೊಂಗೆಯ ಸೊಪ್ಪನ್ನು ತುಳಿಸುವ ಪದ್ಧತಿಯೂ ಈ ಶಾಸ್ತ್ರಕ್ಕೆ ಪೂರ್ಣವಾಗಿ ಹೊಂದಿಕೊಂಡಿರುವುವು.

ಗಾಳಿಯ ಸಾರಜನಕವನ್ನು ಜಲಜನಕದೊಡನೆ ಸೇರಿಸಿ ಅಮೋನಿಯಾ ತಯಾರಿಸುವ ದೊಡ್ಡ ಕಾರ್ಖಾನೆಯು ೧೯೧೩ರಲ್ಲಿ ಜರ್ಮನಿಯ ಒಪ್ಪೌ ಎಂಬಲ್ಲಿ ಪ್ರಾರಂಭವಾಯಿತು. ಮೈಸೂರು ಸಂಸ್ಥಾನದ ಬೆಳಗೊಳದಲ್ಲಿಯೂ ೧೯೪೦ರ ದಶಕದಲ್ಲಿ ಅಮೋನಿಯಂ ಸಲ್ಫೇಟ್ ತಯಾರಾಗುತ್ತಿತ್ತು. ಅಂಗಡಿಯಲ್ಲಿ ಮಾರುವ ಯೂರಿಯಾ ಗೊಬ್ಬರದ ನೂರು ಭಾಗಗಳಲ್ಲಿ ೪೬ ಭಾಗ ಸಾರಜನಕವಿರುತ್ತದೆ. ಈ ಯೂರಿಯಾ ಎಂಬುದು ದನದ ಗಂಜಲದಲ್ಲಿ ಸಹಜವಾಗಿಯೇ ಇರತಕ್ಕ ಪದಾರ್ಥ. ೧೮೨೮ರಲ್ಲಿ ವೋಲರ್ ಎಂಬ ರಸಾಯನಶಾಸ್ತ್ರಜ್ಞನು ಪ್ರಾಣಿಯ ಸಹಾಯವಿಲ್ಲದೆಯೇ ಇದನ್ನು ತಯಾರಿಸಿದನು. ಹೀಗಿರುವಲ್ಲಿ ಹಣ ಕೊಟ್ಟು ಮೂಟೆಯಲ್ಲಿ ತರುವ ವಸ್ತುವನ್ನೇ ಕೊಟ್ಟಿಗೆಯ ಮೋರಿಯಲ್ಲಿ ಹರಿಯಬಿಡುವುದು ಎಂತಹ ನಷ್ಟವೆಂಬುದನ್ನು ವಿವರಿಸಬೇಕಾದುದಿಲ್ಲ.

೬. ರಂಜಕ ಮತ್ತು ಕ್ಯಾಲ್ಸಿಯಂ

ರಂಜಕವನ್ನು ೧೬೬೯ರಲ್ಲಿ ಹ್ಯಾಂಬರ್ಗ್ ನಗರದ ಬ್ರಾಂಡ್ ಎಂಬವನು ಚಿನ್ನವನ್ನು ಹುಡುಕುತ್ತ, ಮನುಷ್ಯನ ಮೂತ್ರವನ್ನು ಬತ್ತಿಸಿ ಕಂಡುಹಿಡಿದನು. ಅದು ಮೂಳೆಯಲ್ಲಿಯೂ ಇದೆಯೆಂದು ಸುಮಾರು ೧೭೭೦ರಲ್ಲಿ ಸ್ವೀಡನ್ ದೇಶದ ಗಾನ್ ಮತ್ತು ಷೀಲೆ ಎಂಬವರು ತಿಳಿಸಿದರು. ಶರೀರದ ಕ್ಯಾಲ್ಸಿಯಮ್ಮಿನಲ್ಲಿ ನೂರಕ್ಕೆ ೯೯ ಭಾಗವೂ, ರಂಜಕದಲ್ಲಿ ಸುಮಾರು ೮೫ ಭಾಗವೂ ಮೂಳೆ ಹಲ್ಲುಗಳಲ್ಲಿವೆ. ಉಳಿದ ರಂಜಕವು ಜೀವಕಣಗಳೆಲ್ಲದರಲ್ಲಿಯೂ ಇದ್ದು ಶಕ್ತಿಯ ವಿನಿಯೋಗಕ್ಕೂ ವಂಶಾಭಿವೃದ್ಧಿಗೂ ಆಧಾರವಾಗಿದೆ. ಆದುದರಿಂದಲೇ ಸಸ್ಯವು ತನ್ನ ರಂಜಕದ ಹೆಚ್ಚಿನ ಪಾಲನ್ನು ಕಾಳಿನಲ್ಲಿ ಕೂಡಿಡುತ್ತದೆ.

ನೂರು ಗ್ರಾಂ ರಾಗಿಯಲ್ಲಿ ಸುಮಾರು ೩೫೦ ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೆ, ಪಾಲಿಷ್ ಮಾಡಿದ ಅಕ್ಕಿಯಲ್ಲಿ ಇರುವುದು ಹತ್ತು ಮಿಲಿಗ್ರಾಮಿನಷ್ಟು ಮಾತ್ರ. ರಾಗಿಯ ಮುದ್ದೆಯನ್ನು ಉಂಡವನಿಗೆ ಮೈಯಲ್ಲಿ ಕಸುವು ಹೆಚ್ಚೆಂಬ ಮಾತಿಗೆ ಇದೂ ಒಂದು ಆಧಾರ. ಬೆಳೆಯುವ ಮಕ್ಕಳೂ ಹಾಲೂಡುವ ತಾಯಂದಿರೂ ಇರುವ ಮನೆಗಳಲ್ಲಿ ರಾಗಿಯನ್ನು ಕೀಳೆಂದು ಬಿಡಬಾರದು.

ರಂಜಕದ ವಿಷಯದಲ್ಲಿ ಮುಖ್ಯವಾಗಿ ತಿಳಿಯಬೇಕಾದುದೇನೆಂದರೆ, ಅದು ಗಾಳಿಯಲ್ಲಿಲ್ಲ. ಬೇರಿನ ಯಾವ ಗಂಟೂ ಅದನ್ನು ಆಕಾಶದಿಂದ ತರಲಾರದು. ಹೊಲದಿಂದ ಹೋದ ರಂಜಕವನ್ನು ಗೊಬ್ಬರದಿಂದಲೋ, ಮೂಳೆಯ ಪುಡಿಯಿಂದಲೋ, ರಂಜಕದ ಕಲ್ಲಿನಿಂದ ಮಾಡಿದ ಗೊಬ್ಬರದಿಂದಲೋ ಹಿಂದಕ್ಕೆ ತಂದು ಹಾಕಲೇಬೇಕು. ರಂಜಕವು ಸಾಲದ ಹುಲ್ಲುಗಾವಲಿನಲ್ಲಿ ಮೇಯುವ ದನಗಳು ಒಣಮೂಳೆಗಳನ್ನು ಹುಡುಕಿ ಕಡಿಯತೊಡಗುವುವು. ಇದು ಬರಿಯ ಚಾಳಿಯಲ್ಲ. ನೆಲದ ಕೊರತೆಯು ಹುಲ್ಲಿನ ಮೂಲಕ ದನದ ಮೈಗೆ ಬಂದುದರ ಗುರುತು.

೭. ಅಲ್ಪ ಪ್ರಮಾಣದ ವಸ್ತುಗಳು

ಎಲೆಯ ಹಸಿರಿನ ನಡುವೆ ಮೆಗ್ನೀಸಿಯಂ ಇದೆ. ರಕ್ತದ ಕೆಂಪಿನ ನಡುವೆ ಕಬ್ಬಿಣವಿದೆ. ಬೋರಾನ್, ಸತು, ತಾಮ್ರ, ಮ್ಯಾಂಗನೀಸ್, ಮಾಲಿಬ್ಡಿನಂ, ನಿಕಲ್ ಎಂಬುವು ಪೈರಿಗೆ ಬೇಕಾಗುವುದು ಅತ್ಯಲ್ಪವಾದರೂ, ಅವಿಲ್ಲದೆ ಪೈರು ಏಳುವುದಿಲ್ಲ. ಹಿಮಾಲಯದ ತಪ್ಪಲಿನ ತರಾಯಿ ಸೀಮೆಯಲ್ಲಿ ಭತ್ತದ ಪೈರು ಕಂದುಬಣ್ಣಕ್ಕೆ ತಿರುಗಿ ಕುಗ್ಗುತ್ತಿದ್ದ ರೋಗಕ್ಕೆ ಸತುವಿನ ಅಭಾವವೇ ಕಾರಣವೆಂದು ೧೯೬೬ರಲ್ಲಿ ಗೊತ್ತಾಯಿತು. ಮನುಷ್ಯರ ಶರೀರದಲ್ಲಿ ಅಯೊಡಿನ್ ಇರುವುದು ೧೫ರಿಂದ ೨೦ ಮಿಲಿಗ್ರಾಂ ಮಾತ್ರ. ಅಷ್ಟೂ ದೊರೆಯದಿದ್ದಲ್ಲಿ ಗಳಗಂಡ ರೋಗವು ಉಂಟಾಗಿ, ಗರ್ಭದಲ್ಲಿರುವ ಶಿಶುವಿನ ಬುದ್ಧಿಗೂ ಹಾನಿ ಬರುವುದು. ಅಯೊಡಿನ್ ಸೇರಿಸಿದ ಉಪ್ಪನ್ನು ಉಪಯೋಗಿಸಬೇಕೆಂಬ ವಿಧಿಯು ಈ ಕಾರಣದಿಂದ ಬಂದುದು.

ಅವಶ್ಯವಾದ ವಸ್ತುಗಳಲ್ಲಿ ಯಾವುದು ಅತ್ಯಂತ ಕಡಮೆಯಾಗಿದೆಯೋ ಅದೇ ಬೆಳೆಯ ಮಿತಿಯನ್ನು ಗೊತ್ತುಮಾಡುವುದೆಂಬ ನಿಯಮವನ್ನು ಜರ್ಮನಿಯ ಸ್ಪ್ರೆಂಗೆಲ್ ಮತ್ತು ಲೀಬಿಗ್ ಎಂಬ ಶಾಸ್ತ್ರಜ್ಞರು ಹತ್ತೊಂಬತ್ತನೆಯ ಶತಮಾನದಲ್ಲಿ ಪ್ರಚಾರಕ್ಕೆ ತಂದರು. ಕೆರೆಯ ಏರಿಯು ಎಲ್ಲೆಡೆಯೂ ಇಪ್ಪತ್ತು ಅಡಿ ಎತ್ತರವಿದ್ದು, ಒಂದೇ ಒಂದು ಕಡೆ ಎಂಟು ಅಡಿಗೆ ಕುಸಿದಿದ್ದರೆ, ಕೆರೆಯಲ್ಲಿ ನಿಲ್ಲುವ ನೀರು ಎಂಟು ಅಡಿ ಮಾತ್ರವಷ್ಟೆ. ಉಳಿದ ಏರಿಯನ್ನು ಎಷ್ಟು ಎತ್ತರಿಸಿದರೂ ಪ್ರಯೋಜನವಿಲ್ಲ. ರಂಜಕ ಅಥವಾ ಸತು ಸಾಲದ ಹೊಲಕ್ಕೆ ಯೂರಿಯಾವನ್ನು ಮಾತ್ರ ಸುರಿಯುವುದೂ ಇದೇ ಬಗೆಯ ಕೆಲಸ.

೮. ಹೊಲದ ಜಮಾಖರ್ಚು

ಒಂದು ಟನ್ ಭತ್ತವನ್ನು ಬೆಳೆಯುವ ಪೈರು, ಕಾಳೂ ಹುಲ್ಲೂ ಸೇರಿ, ಗದ್ದೆಯಿಂದ ಸುಮಾರು ೧೫ರಿಂದ ೨೦ ಕಿಲೋಗ್ರಾಂ ಸಾರಜನಕವನ್ನೂ, ೨ರಿಂದ ೩ ಕಿಲೋಗ್ರಾಂ ರಂಜಕವನ್ನೂ, ೧೫ರಿಂದ ೨೦ ಕಿಲೋಗ್ರಾಂ ಪೊಟಾಸಿಯಮ್ಮನ್ನೂ ಎತ್ತಿಕೊಳ್ಳುವುದು. ಪೊಟಾಸಿಯಮ್ಮಿನ ಬಹುಪಾಲು ಹುಲ್ಲಿನಲ್ಲಿಯೇ ಇರುವುದು. ಈ ಹುಲ್ಲನ್ನು ದನಗಳು ತಿಂದರೆ ಅದರ ಸಾರವು ನಾಶವಾಗುವುದಿಲ್ಲ. ತಿಂದ ಮೇವಿನ ರಂಜಕದ ಹೆಚ್ಚಿನ ಪಾಲು ಸಗಣಿಯಲ್ಲಿಯೂ, ಪೊಟಾಸಿಯಮ್ಮಿನ ಹೆಚ್ಚಿನ ಪಾಲು ಗಂಜಲದಲ್ಲಿಯೂ, ಸಾರಜನಕವು ಎರಡರಲ್ಲಿಯೂ ಹಿಂದಿರುಗಿ ಬರುವುವು. ಆದುದರಿಂದ ಮಾರಿಹೋದ ಕಾಳಿನ ಲೆಕ್ಕವನ್ನು ಬಿಟ್ಟರೆ, ಉಳಿದುದು ಹೊಲಕ್ಕೆ ಹಿಂದಿರುಗುವುದೂ ಹಿಂದಿರುಗದಿರುವುದೂ ಮನೆಯ ಯಜಮಾನನ ಕೈಯಲ್ಲಿದೆ.

ಸಗಣಿಯನ್ನು ಬೆರಣಿ ತಟ್ಟಿ ಸುಟ್ಟರೆ ಅದರ ಸಾರಜನಕವೂ, ಮಣ್ಣನ್ನು ಹದವಾಗಿಡತಕ್ಕ ಇಂಗಾಲದ ಪದಾರ್ಥವೂ ಗಾಳಿಗೆ ಹೋಗುವುವು. ಬೂದಿಯಲ್ಲಿ ರಂಜಕ, ಪೊಟಾಸಿಯಂ, ಸುಣ್ಣ ಉಳಿಯುವುವಾದರೂ, ಆ ಬೂದಿಯನ್ನೂ ಹಿತ್ತಲಲ್ಲಿ ಚೆಲ್ಲಿದರೆ ಮೊದಲ ಮಳೆಗೆ ಪೊಟಾಸಿಯಂ ತೊಳೆದುಹೋಗುವುದು. ಸೌದೆಯ ಅಭಾವದಿಂದ ಬೆರಣಿಯನ್ನು ಸುಡುವ ಮನೆಗಳಿಗೆ ಬರಿಯ ಉಪದೇಶದಿಂದ ಫಲವಿಲ್ಲ. ಬದುಗಳಲ್ಲಿಯೂ ಗೋಮಾಳಗಳ ಅಂಚಿನಲ್ಲಿಯೂ ಹೊಂಗೆ, ಜಾಲಿ ಮುಂತಾದ ಮರಗಳನ್ನು ಬೆಳೆಸುವ ಏರ್ಪಾಟನ್ನು ಮುಖಂಡರು ಮಾಡಬೇಕು. ಗೋಬರ್ ಅನಿಲದ ಗುಂಡಿಯು ಸಗಣಿಯಿಂದ ಉರಿಯನ್ನು ಮಾತ್ರ ತೆಗೆದು, ಸಾರಜನಕವನ್ನೂ ರಂಜಕವನ್ನೂ ಬಗ್ಗಡದಲ್ಲಿ ಉಳಿಸುವುದರಿಂದ, ಅನುಕೂಲವುಳ್ಳವರು ಅದನ್ನು ಕಟ್ಟಿಸಿಕೊಳ್ಳುವುದು ಉತ್ತಮ.

೯. ಮಾಡತಕ್ಕ ಕೆಲಸಗಳು

ಮೊದಲನೆಯದು, ಕೊಟ್ಟಿಗೆಯ ನೆಲವನ್ನು ಗಟ್ಟಿಮಾಡಿ, ಗಂಜಲವು ಇಂಗಿಹೋಗದಂತೆ ದನಗಳ ಕೆಳಗೆ ಒಣ ಎಲೆ, ಹೊಟ್ಟು ಅಥವಾ ಒಣಮಣ್ಣನ್ನು ಹರಡಿ, ನೆನೆದ ಹಾಸನ್ನು ದಿನವೂ ಗೊಬ್ಬರದ ಗುಂಡಿಗೆ ಹಾಕತಕ್ಕದ್ದು.

ಎರಡನೆಯದು, ಬಿಸಿಲಿಗೂ ಮಳೆಗೂ ಒಡ್ಡಿದ ತಿಪ್ಪೆಯ ಬದಲು ಮೂರು ಅಡಿ ಆಳದ ಗುಂಡಿಯನ್ನು ನೆರಳಿನಲ್ಲಿ ತೋಡಿ, ತುಂಬಿದ ಭಾಗವನ್ನು ಮಣ್ಣಿನಿಂದ ಮುಚ್ಚತಕ್ಕದ್ದು.

ಮೂರನೆಯದು, ಒಲೆಯ ಬೂದಿಯನ್ನು ಸಗಣಿ ಗಂಜಲಗಳೊಡನೆ ಬೆರಸಬಾರದು. ಬೂದಿಯ ಕ್ಷಾರವು ಗೊಬ್ಬರದ ಸಾರಜನಕವನ್ನು ಅಮೋನಿಯಾ ವಾಯುವಾಗಿ ಹಾರಿಸಿಬಿಡುವುದು. ಬೂದಿಯನ್ನು ಒಣಗಿದ ಸ್ಥಳದಲ್ಲಿ ಬೇರೆಯಾಗಿ ಕೂಡಿಟ್ಟು, ಬಿತ್ತನೆಗೆ ಮುಂಚೆ ಹೊಲಕ್ಕೆ ಎರಚತಕ್ಕದ್ದು.

ನಾಲ್ಕನೆಯದು, ಏಕದಳ ಪೈರಿನ ಹಿಂದೆಯೋ ಜೊತೆಗೋ ದ್ವಿದಳ ಪೈರನ್ನು ತಪ್ಪದೆ ಬಿತ್ತತಕ್ಕದ್ದು. ಬೇಸಗೆಯಲ್ಲಿ ಕೆರೆಯ ಗೋಡನ್ನು ಹೊಲಕ್ಕೆ ಸಾಗಿಸತಕ್ಕದ್ದು.

ಐದನೆಯದು, ಹುಳಿಮಣ್ಣಿನ ಸೀಮೆಗಳಲ್ಲಿ ಹಬೆಯಲ್ಲಿ ಬೇಯಿಸಿ ಪುಡಿಮಾಡಿದ ಮೂಳೆಯು ಒಳ್ಳೆಯ ರಂಜಕದ ಗೊಬ್ಬರ. ಆದರೆ ನೆರಡಿ ರೋಗದಿಂದ ಸತ್ತ ದನವನ್ನು ಎಷ್ಟು ಮಾತ್ರಕ್ಕೂ ಕೊಯ್ಯದೆ, ಸುಡಬೇಕು ಅಥವಾ ಆಳವಾಗಿ ಹೂಳಬೇಕು.

ಆರನೆಯದು, ಮಣ್ಣನ್ನು ಪರೀಕ್ಷೆಗೆ ಕಳುಹಿಸದೆ ಗೊಬ್ಬರಕ್ಕೆ ಹಣ ಚೆಲ್ಲಬಾರದು. ೨೦೧೫ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿಯ ಯೋಜನೆಯಲ್ಲಿ ಸಾರಜನಕ, ರಂಜಕ, ಪೊಟಾಸಿಯಂ, ಗಂಧಕಗಳಲ್ಲದೆ ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್‌ಗಳನ್ನೂ ಅಳೆಯುವ ಏರ್ಪಾಟಿದೆ. ಏರಿಯು ಎಲ್ಲಿ ಕುಸಿದಿದೆಯೆಂದು ತೋರಿಸುವ ಚೀಟಿಯದು.

ಮೇಲ್ಕಂಡ ಕೆಲಸಗಳಲ್ಲಿ ಮೊದಲ ಮೂರಕ್ಕೆ ಹೆಚ್ಚು ಹಣವು ಬೇಕಾಗುವುದಿಲ್ಲ. ಗುದ್ದಲಿ, ಮಂಕರಿ ಮತ್ತು ದಿನಕ್ಕೆ ಸ್ವಲ್ಪ ಹೊತ್ತಿನ ಕೆಲಸ ಸಾಕು. ಗ್ರಾಮದ ಮುಖಂಡರು ತಮ್ಮ ಮನೆಯ ಹಿತ್ತಲಿನಲ್ಲಿಯೇ ಇಂತಹ ಒಂದು ಗುಂಡಿಯನ್ನು ಈ ವರ್ಷ ಮಾಡಿಸಿ, ಅದರ ಗೊಬ್ಬರವನ್ನು ಅರ್ಧ ಎಕರೆಗೂ, ಹಳೆಯ ತಿಪ್ಪೆಯ ಗೊಬ್ಬರವನ್ನು ಅಷ್ಟೇ ಗಾಡಿಯಂತೆ ಪಕ್ಕದ ಅರ್ಧ ಎಕರೆಗೂ ಹಾಕಿಸಿ, ಸುಗ್ಗಿಯಲ್ಲಿ ಎರಡರ ಕಾಳನ್ನೂ ಎಲ್ಲರ ಎದುರಿನಲ್ಲಿ ಬೇರೆ ಬೇರೆಯಾಗಿ ಅಳೆಯಿಸಲಿ. ಹೊಲದಿಂದ ಪೈರಿಗೆ, ಪೈರಿನಿಂದ ದನಕ್ಕೂ ಮಕ್ಕಳಿಗೂ ಬರುವ ಸಾರವು ಒಂದೇ ಆಗಿರುವುದರಿಂದ, ಗುಂಡಿಯಲ್ಲಿ ಉಳಿಸಿದುದು ಕಣಜದಲ್ಲಿಯೂ ಮಕ್ಕಳ ಮೈಯಲ್ಲಿಯೂ ಕಾಣಬರುವುದು.